ಎಳೆ ಹಾಕುವ ಹೊತ್ತು

ಅಮ್ಮನ ತೋಳಿನಿಂದ ಸೂಜಿ ತೆಗೆದು, ಹತ್ತಿ ಇಟ್ಟು ಒತ್ತಿ ಹಿಡಿದಿದ್ದರು ಲ್ಯಾಬ್ ಅಕ್ಕ. ಅವರ ಹೆಬ್ಬೆರಳಿನ ಉಗುರು ನೇರಳೆ. ಗಾಜಿನ ಮೇಲೆ ಬಳಿದ ರಕ್ತಕ್ಕೆ ಹಾಕುವ ಬಣ್ಣ ಅದು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಹೊರಗೆ ಹತ್ತು ಜನ ಕಾಯುತ್ತಿದ್ದರು. ರಕ್ತ ಪೂರ್ತಿ ನಿಲ್ಲುವ ತನಕ ಅವರು ಬೆರಳು ಎತ್ತಲಿಲ್ಲ. ಯಾರಿಗೂ ಎತ್ತುತ್ತಿರಲಿಲ್ಲ.

ನಾನು ಕೂಗಾಡುತ್ತಿದ್ದೆ. ಅಮ್ಮನಿಗೆ ಡೆಂಗ್ಯೂ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದಿತ್ತು. ಕಾಯೋಣ ಎಂದಿದ್ದರು ಡಾಕ್ಟರು. ನಾನು ಡ್ರಿಪ್ ಕಿತ್ತು ಬೆಂಗಳೂರಿಗೆ ಸಾಗಿಸಿ, ಪ್ಲೇಟ್‌ಲೆಟ್ ಹಾಕಿಸೋಣ ಅಂತ ಕಾರು ಕರೆಸಿದ್ದೆ.

ನನ್ನದು ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಬಿಸಿನೀರಿನ ಬೇಸಿನ್‌ನಲ್ಲಿ ಒಂದು ರೇಷ್ಮೆಗೂಡಿನ ಎಳೆ ಮುಗಿದು ನೂಲು ತೆಳ್ಳಗಾದರೆ ತಕ್ಷಣ ಇನ್ನೊಂದು ಗೂಡಿನ ಎಳೆ ಹಾಕಬೇಕು, ತಡಮಾಡಿದರೆ ಕಿತ್ತುಹೋಗುತ್ತದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅಮ್ಮನಿಗೂ ಅದೇ ಲೆಕ್ಕ ಹಾಕಿದೆ.

ಒಸಡಿನಲ್ಲಿ ರಕ್ತ ಬಂತಾ, ಹೊಟ್ಟೆನೋವಿದೆಯಾ, ಮೂತ್ರ ಹೋಗ್ತಿದೆಯಾ ಎಂದು ಅಕ್ಕ ಅಮ್ಮನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಿನ್ನ ಬೇಸಿನ್ ಅಲ್ಲ ಕಣಪ್ಪ. ಒಳಗೆ ಎಳೆ ಹಾಕೋರು ಬೇರೆ ಇದಾರೆ."

ಅವರ ತಾಯಿಯೂ ನೂಲು ತೆಗೆದು ಕೈ ಬೇಯಿಸಿಕೊಂಡವರು. ಹಾಗಾಗಿ ನಮ್ಮ ಭಾಷೆಯಲ್ಲೇ ಹೇಳಿದರು. ಮೂಳೆಯೊಳಗಿನ ಮಜ್ಜೆಯಲ್ಲಿ ದೊಡ್ಡ ದೊಡ್ಡ ಕಣ ಇರುತ್ತವಂತೆ, ಗೂಡಿನ ಹಾಗೆ. ಅವು ರಕ್ತದೊಳಕ್ಕೆ ಎಳೆ ಬಿಡುತ್ತವೆ. ಎಳೆ ತುಂಡಾಗಿ ಉದುರಿದರೆ ಒಂದೊಂದು ಚೂರೂ ಒಂದು ಪ್ಲೇಟ್‌ಲೆಟ್. ಮಾಡಿ ಅಂತ ಆರ್ಡರ್ ಹೋಗುವುದು ಲಿವರ್‌ನಿಂದ. ರಕ್ತದಲ್ಲಿ ಓಡಾಡುವ ಪ್ಲೇಟ್‌ಲೆಟ್‌ಗಳೇ ಆ ಆರ್ಡರನ್ನು ನುಂಗುತ್ತಿರುತ್ತವೆ. ಅವು ಕಡಿಮೆಯಾದರೆ ನುಂಗುವವರಿಲ್ಲ, ಆರ್ಡರ್ ಜಾಸ್ತಿ ಉಳಿದು ಮಜ್ಜೆಗೆ ಮುಟ್ಟುತ್ತದೆ, ಕೆಲಸ ಜೋರಾಗುತ್ತದೆ. ಜಾಸ್ತಿಯಾದರೆ ತಾನೇ ನಿಧಾನ. ಮೇಸ್ತ್ರಿ ಬೇಕಿಲ್ಲ.

ಮತ್ತೆ ಯಾಕೆ ಇಳಿಯುತ್ತಿದೆ ಎಂದು ರೇಗಿದೆ. ಡೆಂಗ್ಯೂ ಮಜ್ಜೆಯನ್ನೂ ಅದುಮುತ್ತದೆ, ಆದ ಮಾಲನ್ನೂ ಹಾಳುಮಾಡುತ್ತದೆ, ಸ್ವಲ್ಪ ದಿನ ಕೊಡು ಎಂದರು. "ಡ್ರಿಪ್ ಇಳೀತಿದೆಯಲ್ಲ, ಈಗ ಅದೇ ಔಷಧಿ. ರಕ್ತ ಕಂಡ್ರೆ ಡಾಕ್ಟ್ರೇ ಕಳಿಸ್ತಾರೆ, ನಾನೇ ಕಾರು ಹತ್ತಿಸ್ತೀನಿ."

ಕಾರು ವಾಪಸ್ ಕಳಿಸಿದೆ. ಮಾರನೇ ದಿನ ಇನ್ನೂ ಇಳಿಯಿತು. ಲ್ಯಾಬಿಗೆ ನುಗ್ಗಿ, ನಮ್ಮಮ್ಮನಿಗೆ ಏನಾದರೂ ಆದರೆ ನಿಮ್ಮನ್ನ ಬಿಡಲ್ಲ ಅಂದೆ. ಅಕ್ಕ ಎಡಗಣ್ಣು ಮುಚ್ಚಿ ಮೈಕ್ರೋಸ್ಕೋಪ್ ನೋಡುತ್ತಿದ್ದವರು ಎದ್ದು ನನ್ನನ್ನು ಕೂರಿಸಿದರು. ಕಣ್ಣಿಟ್ಟೆ, ನೇರಳೆ ಚುಕ್ಕೆ ಕಂಡವು.

"ಎಣಿಸೋದು ಮಿಷಿನ್ನು, ನೋಡೋದು ನಾನು. ಅಲ್ಲಿ ದಪ್ಪಗಿದಾವಲ್ಲ, ಅವು ಹೊಸವು. ಕೆಲ್ಸ ಶುರುವಾಗಿದೆ, ಹೋಗಿ ಟೀ ಕುಡಿ."

ಅದರ ಮಾರನೇ ದಿನ ಲೆಕ್ಕ ಮೇಲೇರಿತು. ಅಮ್ಮ ಇವತ್ತೂ ನನ್ನನ್ನು ಬೈದುಕೊಂಡು ಓಡಾಡುತ್ತಿದ್ದಾಳೆ.

ಹೋದ ವರ್ಷ ಅಕ್ಕನ ಮೈಮೇಲೆ ಕಲೆ ಬಿದ್ದವು. ಉಗುರಿನದೇ ಬಣ್ಣ. ತಮ್ಮ ರಕ್ತವನ್ನು ತಾವೇ ಗಾಜಿಗೆ ಬಳಿದು ನೋಡಿಕೊಂಡರಂತೆ. ಬೆಂಗಳೂರಿನಲ್ಲಿ ಮಜ್ಜೆ ತೆಗೆದು ಪರೀಕ್ಷಿಸಿದರೆ, ಖಾಲಿ. ಆರ್ಡರ್ ತುಂಬಿ ತುಳುಕುತ್ತಿದೆ, ಮಾಡುವವರಿಲ್ಲ. ಅವರನ್ನು ಸೇರಿಸಿದ್ದ ಆಸ್ಪತ್ರೆಗೆ ಹೋದೆ. ನನ್ನನ್ನು ಕಂಡು ನಕ್ಕರು.

"ಈಗ ಎಳೆ ಹಾಕಪ್ಪ. ನನ್ನೊಳಗೆ ಹಾಕೋರಿಲ್ಲ."

ಮೂರು ಸಲ ನನ್ನ ಪ್ಲೇಟ್‌ಲೆಟ್ ಕೊಟ್ಟೆ. ಮಿಷಿನ್ನು ಪ್ಲೇಟ್‌ಲೆಟ್ ಮಾತ್ರ ಹಿಡಿದುಕೊಂಡು ಮಿಕ್ಕ ರಕ್ತವನ್ನು ವಾಪಸ್ ಬಿಡುತ್ತದೆ. ಅವರು ಹೇಳಿದ್ದ ಹಾಗೇ ನನ್ನದು ಕೆಲವೇ ದಿನದಲ್ಲಿ ತುಂಬಿಕೊಳ್ಳುತ್ತಿತ್ತು. ಕೊಟ್ಟದ್ದು ಅವರಲ್ಲಿ ಕೆಲವು ದಿನವಷ್ಟೇ ನಿಲ್ಲುತ್ತಿತ್ತು.

ನಾಲ್ಕನೇ ಸಲ ಕೊಡುವ ಮೊದಲು ಟೆಸ್ಟಿಗೆ ರಕ್ತ ತೆಗೆದರು. ಅಷ್ಟರಲ್ಲಿ ವಾರ್ಡಿನಿಂದ ಫೋನ್ ಬಂತು, ಅಕ್ಕ ಹೋಗಿಬಿಟ್ಟರು, ಇನ್ನು ಬೇಕಾಗಿಲ್ಲ ಅಂತ. ನರ್ಸ್ ಹತ್ತಿಯ ಮೇಲೆ ಪ್ಲಾಸ್ಟರ್ ಅಂಟಿಸಿ ಹೋದರು. ನಾನು ಪ್ಲಾಸ್ಟರ್ ಕಿತ್ತು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೂತೆ. ರಕ್ತ ನಿಂತಿತು.