ಭಾವ ಹೊತ್ತು ತಂದ ಗೇಮಿಂಗ್ ಲ್ಯಾಪ್‌ಟಾಪ್

ಕಳೆದ ಶನಿವಾರ ಸಂತೆಕಟ್ಟೆಯಲ್ಲಿ ಬಸ್ಸು ಹತ್ತುವಾಗ ನನ್ನ ಬ್ಯಾಗನ್ನು ಎತ್ತಿ ಒಳಗಿಡಲು ಹೋದ ಕಂಡಕ್ಟರ್ ಅರ್ಧದಲ್ಲೇ ನಿಂತುಬಿಟ್ಟ.

"ಎಂತ ಅಕ್ಕ ಇದು, ಒಳಗೆ ಗ್ರೈಂಡರ್ ಉಂಟಾ?"

ಲ್ಯಾಪ್‌ಟಾಪ್ ಎಂದೆ. ಅವನು ನಂಬಲಿಲ್ಲ. "ಹಾಗಾದರೆ ಇದಕ್ಕೂ ಒಂದು ಟಿಕೆಟ್ ಹರಿಯುತ್ತೇನೆ" ಎಂದ. ಮುಂದಿನ ಸೀಟುಗಳಲ್ಲಿ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನ ಮಧ್ಯಾಹ್ನದ ತನಕ ನನಗೆ ಅದು ಬರೀ ತಮಾಷೆಯಾಗಿತ್ತು.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತಿದೆ. ನಾನು ಎಲ್ಲವನ್ನೂ ಬರೆದಿಡುವವಳು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಅಮ್ಮನ ಮಾತ್ರೆ ಬದಲಾದ ದಿನ, ತಿಂಗಳಲ್ಲಿ ಎಷ್ಟು ಸಲ ಬಸ್ಸು ತಪ್ಪಿತು, ಎಲ್ಲದಕ್ಕೂ ಡೈರಿಯಲ್ಲಿ ಜಾಗವಿದೆ. ಅಂಥವಳು ಸುಮ್ಮನೆ ಅಂಗಡಿಗೆ ಹೋಗಿ ಒಂದು ಲ್ಯಾಪ್‌ಟಾಪ್ ಎತ್ತಿಕೊಂಡು ಬರುತ್ತಾಳೆಯೇ?

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಆಟಕ್ಕೆ. ವಾರವಿಡೀ ಮಣಿಪಾಲದ ಆಫೀಸಿನಲ್ಲಿ ಬೇರೆಯವರ ಬಿಲ್ಲು ನೋಡುವುದು, ಶನಿವಾರ ಅಲ್ಲೇ ಇರುವ ಗೆಳತಿ ಶ್ವೇತಾಳ ರೂಮಿನಲ್ಲಿ ಕುಳಿತು ಗೇಮ್ ಆಡುವುದು. (ಕೆಲಸಕ್ಕೆ ಹೋಗುವ ಹುಡುಗಿಯರೂ ಗೇಮ್ ಆಡುತ್ತಾರಾ ಎಂದು ಕೇಳುವವರಿಗೆ: ಆಡುತ್ತೇವೆ, ಗೆಲ್ಲುತ್ತೇವೆ ಕೂಡ.) ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ, ಗುಂಡು ಹಾರುವ ಹೊತ್ತಿಗೆ ಸರಿಯಾಗಿ ನನ್ನ ಸೈನಿಕ ಲೈಟುಕಂಬದ ಹಾಗೆ ನಿಂತುಬಿಡುತ್ತಿದ್ದ. ಎಷ್ಟು ಸಲ ಸಾಯುವುದು?

ಫೆಬ್ರವರಿಯಲ್ಲಿ ಡೈರಿಯ ಒಂದು ಹಾಳೆಗೆ ಗೆರೆ ಎಳೆದು ಮೂರು ಭಾಗ ಮಾಡಿದೆ. ಶಕ್ತಿ, ತೂಕ, ಬೆಲೆ. ಮೂರೂ ಒಟ್ಟಿಗೆ ಒಂದು ಕಡೆ ಸಿಗುವುದಿಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಶಕ್ತಿಯೂ ಇದ್ದು ಹಗುರವೂ ಆಗಿದ್ದದ್ದರ ಬೆಲೆ ನೋಡಿ ಫೋನ್ ಕೆಳಗಿಟ್ಟೆ. ಹಗುರವೂ ಅಗ್ಗವೂ ಆಗಿದ್ದದ್ದರಲ್ಲಿ ಕಡತ ತೆರೆಯಬಹುದು, ಆಟ ತೆರೆಯುವುದಿಲ್ಲ. ಉಡುಪಿಯ ಅಂಗಡಿಗಳನ್ನು ಸುತ್ತಿದೆ. ವಿಡಿಯೋಗಳನ್ನು ನೋಡಿದೆ. ಫ್ಯಾನ್ ಎಷ್ಟು ಕಿರುಚುತ್ತದೆ, ಎಷ್ಟು ಬಿಸಿಯಾಗುತ್ತದೆ, ಎಲ್ಲಕ್ಕೂ ಅಂಕ ಕೊಟ್ಟೆ. ಕೊನೆಗೆ ಒಂದು ಗೆದ್ದಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ಹದಿನಾರು ಜಿ.ಬಿ. ರ್‍ಯಾಮ್, ತೂಕ ಎರಡು ಕಿಲೋ ಮುನ್ನೂರು. ಬೆಲೆ ಮಾತ್ರ ನನ್ನ ಕೈಗಿಂತ ಸ್ವಲ್ಪ ಮೇಲೆ.

ಆಗ ನಮ್ಮ ಊರಿನ ಯಾರಿಗೇ ಆದರೂ ಬರುವ ಯೋಚನೆಯೇ ನನಗೂ ಬಂತು. ಗಲ್ಫಿನಿಂದ ಸದ್ಯ ಯಾರು ಬರುವವರಿದ್ದಾರೆ?

ನಮ್ಮಲ್ಲಿ ಇದು ನಾಚಿಕೆಯ ವಿಷಯವಲ್ಲ. ಬರುವವನ ಟಿಕೆಟ್ ಆಯಿತೆಂದು ಸುದ್ದಿ ಸಿಕ್ಕಿದರೆ ಸಾಕು, ಅವನ ಬಾಕ್ಸಿನಲ್ಲಿ ಅವರವರ ಜಾಗವನ್ನು ಅವರವರೇ ಬುಕ್ ಮಾಡಿಕೊಳ್ಳುತ್ತಾರೆ. ಅಕ್ಕನ ಗಂಡ ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್. ಎರಡು ವರ್ಷಕ್ಕೊಮ್ಮೆ ಕಾಪುವಿನ ಮನೆಗೆ ಬರುತ್ತಾರೆ. ಫೋನ್ ಮಾಡಿದೆ.

"ಭಾವ, ಒಂದು ಲ್ಯಾಪ್‌ಟಾಪ್ ಬೇಕಿತ್ತು. ಅಲ್ಲಿ ಕಡಿಮೆಗೆ ಸಿಗ್ತದೆ."

"ತೂಕ ಎಷ್ಟುಂಟು?"

"ಎರಡು ಕಿಲೋ ಮುನ್ನೂರು."

"ಸರಿಯಾಗಿ ನೋಡಿದ್ದೀಯಲ್ಲ?"

"ನಾನು ನೋಡದೆ ಹೇಳುವುದುಂಟಾ ಭಾವ?"

ಅವರು ನಕ್ಕರು. "ಅದೂ ಹೌದು. ತರ್ತೇನೆ."

ಮಾರ್ಚ್ ಕೊನೆಯಲ್ಲಿ ಭಾವ ಬಂದರು, ಲ್ಯಾಪ್‌ಟಾಪ್ ಬಂತು. ಆಟ ಬೆಣ್ಣೆಯ ಹಾಗೆ ಓಡಿತು. ಆದರೆ ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬಿ ಅಕ್ಷರಗಳು. ಪ್ಲಗ್ಗಿಗೆ ನಮ್ಮ ಗೋಡೆಯ ತೂತಿಗೆ ಹೋಗದ ಮೂರು ದಪ್ಪ ಕಾಲುಗಳು. ಮತ್ತೆ ಆ ಚಾರ್ಜರ್! ಅದು ಚಾರ್ಜರ್ ಅಲ್ಲ, ತಂತಿ ಕಟ್ಟಿದ ಕೆಂಪುಕಲ್ಲು. ಅದೊಂದೇ ಹೆಚ್ಚುಕಡಿಮೆ ಒಂದು ಕಿಲೋ. ಅದು ಇಲ್ಲದೆ ಹೋದರೆ ಒಂದು ಆಟ ಮುಗಿಯುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ವೆಬ್‌ಸೈಟಿನವರು ಲ್ಯಾಪ್‌ಟಾಪನ್ನು ಮಾತ್ರ ತೂಗುತ್ತಾರೆ, ಚಾರ್ಜರನ್ನು ತೂಗುವುದಿಲ್ಲ. ಅವರು ತೂಗಲಿಲ್ಲವೆಂದು ನಾನೂ ತೂಗಲಿಲ್ಲ.

ಭಾನುವಾರ ಶ್ವೇತಾಳ ರೂಮಿನಿಂದ ನೇರ ಕಾಪುವಿಗೆ ಹೋದೆ. ಭಾವನ ರಜೆ ಮುಗಿಯುತ್ತಾ ಬಂದಿತ್ತು, ಒಮ್ಮೆ ನೋಡಿಕೊಂಡು ಬರೋಣವೆಂದು. ಚಾವಡಿಯಲ್ಲಿ ಬ್ಯಾಗು ಇಳಿಸಿ, ಭುಜ ತಿಕ್ಕಿಕೊಂಡು, ಕುಳಿತವಳೇ ಶುರು ಮಾಡಿದೆ. ಕಂಡಕ್ಟರ್ ಹೇಳಿದ್ದನ್ನು ಹೇಳಿದೆ. ಹೊತ್ತು ಹೊತ್ತು ಭುಜ ಬಿದ್ದುಹೋಯಿತು ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಭಾವ, ಅಲ್ಲಿ ಕೈಗೆ ತಗೊಂಡಾಗ ನಿಮಗೆ ಗೊತ್ತಾಗ್ಲಿಲ್ವಾ? ಇಷ್ಟು ಭಾರ ಉಂಟು, ಬೇಡ ಅಂತ ಒಂದು ಮಾತು ಹೇಳಬಹುದಿತ್ತು."

ಭಾವ ಚಹಾದ ಗ್ಲಾಸು ಕೆಳಗಿಟ್ಟರು. "ಹೌದು, ಸ್ವಲ್ಪ ಭಾರ ಉಂಟು" ಎಂದರು. ಮತ್ತೆ ಎದ್ದು, ಹಿತ್ತಲಿನ ಪಂಪ್ ಆಫ್ ಮಾಡಬೇಕು ಎನ್ನುತ್ತಾ ಹೋದರು.

ಅಡುಗೆಮನೆಯಲ್ಲಿ ಅಕ್ಕ ಮೀನು ತೊಳೆಯುತ್ತಿದ್ದಳು. ನಾನು ಹಿಂದೆಯೇ ಹೋಗಿ ನಿಂತೆ. ಅವಳು ತಲೆ ಎತ್ತಲಿಲ್ಲ.

"ನಿನಗೆ ಮಣಿಪಾಲದಿಂದ ಕಾಪುವಿಗೆ ತರುವಷ್ಟರಲ್ಲಿ ಭುಜ ಬಿತ್ತು. ಅವರು ಎಲ್ಲಿಂದ ತಂದದ್ದು ಮಾರಾಯ್ತಿ?"

ನಾನು ನಗಲು ನೋಡಿದೆ. ಅವಳು ನಗಲಿಲ್ಲ.

"ನೀನು ಹೇಳಿದ ತೂಕಕ್ಕೆ ಅವರು ಜಾಗ ಇಟ್ಟಿದ್ರು. ದುಬೈಯ ರೂಮಿನಲ್ಲಿ ತೂಗಿದ್ರೆ ಒಂದು ಕಿಲೋ ಜಾಸ್ತಿ. ವಿಮಾನದಲ್ಲಿ ಕೈಯ ಬ್ಯಾಗಿಗೆ ಏಳೇ ಕಿಲೋ ಅಲ್ವಾ? ಅದರಲ್ಲಿದ್ದ ಬೇರೆ ಸಾಮಾನನ್ನು ದೊಡ್ಡ ಬಾಕ್ಸಿಗೆ ಹಾಕಿದ್ರು. ಬಾಕ್ಸಿಗೂ ತೂಕದ ಲೆಕ್ಕ ಉಂಟಲ್ಲ, ಅದರಿಂದ ಏನಾದರೊಂದು ತೆಗೀಬೇಕಾಯ್ತು."

"ಎಂತ ತೆಗೆದ್ರು?"

"ಎಂತ ತೆಗೀತಾರೆ? ರೂಮಿನವರ ಪಾರ್ಸೆಲ್ ತೆಗೀಲಿಕ್ಕೆ ಆಗ್ತದಾ? ಒಬ್ಬನ ಅಮ್ಮನಿಗೆ ಮೊಣಕಾಲಿಗೆ ಕಟ್ಟುವ ಪಟ್ಟಿ, ಒಬ್ಬನ ಮಗುವಿಗೆ ಹಾಲಿನ ಪುಡಿ. ಅವರ ಟೂಲಿನ ಪೆಟ್ಟಿಗೆ ತೆಗೆದು ಮಂಚದ ಅಡಿಗೆ ಇಟ್ಟು ಬಂದ್ರು."

ಗ್ಯಾಸಿನ ಒತ್ತಡ ನೋಡುವ ಗೇಜು, ತಾಮ್ರದ ಪೈಪಿನ ಕೆಲಸದ ಸಾಮಾನು, ವರ್ಷಗಳಿಂದ ಒಂದೊಂದಾಗಿ ಕೂಡಿಸಿದ್ದು. ರಜೆಗೆ ಬರುವವರಿಗೆ ಅದೆಲ್ಲ ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಈ ಸಲ ತಿರುಗಿ ಹೋಗುವುದು ಬೇಡ ಅಂತ ಇತ್ತು ಅವರಿಗೆ. ಯಾರಿಗೂ ಹೇಳಿರ್ಲಿಲ್ಲ, ನನಗೆ ಮಾತ್ರ. ಕಾರ್ಕಳದಲ್ಲಿ ಒಂದು ಹೊಸ ಲಾಡ್ಜಿನವರು ಎಲ್ಲ ರೂಮಿನ ಎ.ಸಿ. ಕೆಲಸ ಕೊಡ್ತೇನೆ ಅಂದಿದ್ರು. ಅದೊಂದು ಹಿಡಿದ್ರೆ ಮತ್ತೆ ಇಲ್ಲೇ ನೋಡಿಕೊಳ್ಳುವ ಅಂತ. ಬಂದ ಮೇಲೆ ಇಲ್ಲಿಯ ಒಬ್ಬ ಮೆಕ್ಯಾನಿಕ್ ಹತ್ತಿರ ಟೂಲಿನ ಸೆಟ್ ಕೇಳಿ ತಂದ್ರು. ಬೇಸಿಗೆಯಲ್ಲಿ ಅವರಿಗೂ ಕೆಲಸ, ಯಾರು ಎರಡನೇ ದಿನ ಕೊಡ್ತಾರೆ? ಲಾಡ್ಜಿನವರು ಒಂದು ವಾರ ಕಾದ್ರು. ಮತ್ತೆ ಬೇರೆಯವರನ್ನು ಕರೆದ್ರು."

"ಇಲ್ಲೇ ಹೊಸತು ತಗೊಳ್ಳಬಹುದಿತ್ತಲ್ಲ ಅಕ್ಕ?"

"ನಾನೂ ಹೇಳಿದೆ. ಅಲ್ಲಿ ಇರುವುದನ್ನೇ ಪುನಃ ಇಲ್ಲಿ ತಗೊಳ್ಳಲಿಕ್ಕೆ ಅವರಿಗೆ ಮನಸ್ಸು ಬರ್ಲಿಲ್ಲ. ಮೊದಲ ಕೆಲಸವೇ ಕೈಬಿಟ್ಟ ಮೇಲೆ ಧೈರ್ಯವೂ ಹೋಯ್ತು. ಗುರುವಾರ ಹೊರಡ್ತಾರೆ." ಅವಳು ನೀರು ಚೆಲ್ಲಿದಳು. "ನಿನ್ನಿಂದ ಅಂತ ಹೇಳುವುದಲ್ಲ. ನೀನು ಭಾರ ಭಾರ ಅಂದದ್ದಕ್ಕೆ ಹೇಳಿದೆ."

ಮೂರು ವಾರ ಅಳೆದು ಸುರಿದು ಆರಿಸಿದ ಸಾಮಾನು. ಅದರ ತೂಕ ಬರೆಯುವಾಗ ನನ್ನ ಕಣ್ಣೆದುರು ಇದ್ದದ್ದು ನನ್ನ ಭುಜ ಒಂದೇ. ಸಂತೆಕಟ್ಟೆಯಿಂದ ಮಣಿಪಾಲ, ವಾರಕ್ಕೊಮ್ಮೆ. ಅದಕ್ಕೂ ಮೊದಲು ಅದನ್ನು ಸಮುದ್ರ ದಾಟಿಸುವವನಿಗೂ ಒಂದು ಭುಜ ಇದೆ, ಒಂದು ಬಾಕ್ಸು ಇದೆ, ಬಾಕ್ಸಿನಲ್ಲಿ ಅವನದೇ ಒಂದು ಯೋಚನೆ ಇರಬಹುದು ಎಂಬುದು ನನ್ನ ಯಾವ ಗೆರೆಯೊಳಗೂ ಬರಲಿಲ್ಲ.

ಹಿತ್ತಲಿಗೆ ಹೋದೆ. ಪಂಪ್ ಯಾವಾಗಲೋ ನಿಂತಿತ್ತು. ಭಾವ ಪೈಪು ಸುತ್ತಿಡುತ್ತಿದ್ದರು.

"ನನಗೆ ಹೇಳಬಹುದಿತ್ತಲ್ಲ ಭಾವ. ಲ್ಯಾಪ್‌ಟಾಪ್ ಬಿಟ್ಟು ಬಂದಿದ್ರೆ ನಾನು ಬೇಜಾರು ಮಾಡ್ತಿರ್ಲಿಲ್ಲ."

"ತರ್ತೇನೆ ಅಂತ ಹೇಳಿ ಆಗಿತ್ತಲ್ಲ" ಎಂದರು. ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

"ನಾನು ಇದನ್ನು ಮಾರಿ ಸೆಟ್ ತೆಗೆದು ಕೊಡ್ತೇನೆ. ಗುರುವಾರ ಹೋಗುವುದು ಬೇಡ."

"ಅರಬಿ ಅಕ್ಷರದ್ದನ್ನು ಉಡುಪಿಯಲ್ಲಿ ಯಾರು ತಗೊಳ್ತಾರೆ ಮಾರಾಯ್ತಿ?" ಎಂದು ನಕ್ಕರು. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಆಟ ಒಳ್ಳೆದು ಆಗ್ತದಲ್ಲ? ಮತ್ತೆಂತ. ಮಳೆಗಾಲ ಬಂತು, ಇನ್ನು ಎ.ಸಿ. ಯಾರಿಗೆ ಬೇಕು? ಮುಂದಿನ ಸಲ ನೋಡುವ."

ಮುಂದಿನ ಸಲ ಎಂದರೆ ಎರಡು ವರ್ಷ. (ಲೆಕ್ಕ ಇಡುವ ಚಟದವಳಿಗೆ ಈ ಲೆಕ್ಕ ಮಾತ್ರ ಯಾರಾದರೂ ತಪ್ಪೆಂದು ಹೇಳಬಾರದೇ ಎನ್ನಿಸಿತು.)

ಸಂಜೆ ಹೊರಟಾಗ ಭಾವ ನನ್ನ ಬ್ಯಾಗು ಎತ್ತಿಕೊಂಡರು. ಬೇಡ ಎಂದರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅವರೇ ಹೊತ್ತರು. ನಾನು ಕೈಬೀಸಿಕೊಂಡು ಪಕ್ಕದಲ್ಲಿ ನಡೆದೆ. ದಾರಿಯಲ್ಲಿ ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ, ಗುರುವಾರ ಹೋಗುವುದಂತೆ ಹೌದಾ, ಅಲ್ಲಿರುವ ಮಗನಿಗೆ ಒಂದು ಸಣ್ಣ ಪಾರ್ಸೆಲ್ ಉಂಟು ಎಂದರು. "ತನ್ನಿ, ಜಾಗ ಉಂಟು" ಎಂದರು ಭಾವ.

ನಿಮ್ಮ ಮನೆಗೂ ಇಂಥ ಬಾಕ್ಸುಗಳು ಬಂದಿರಬಹುದು. ಅದರ ಹಗ್ಗ ಬಿಚ್ಚುವಾಗ, ತಂದವನದು ಇದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದು ನೆನಪಿದೆಯೇ?