ಪಾಲಾ ಬಿಡಿಸಿಕೊಂಡು ಬಂದ ಹುಂಜ

ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇರುವುದು ಒಂದು ಬದು ಮಾತ್ರ. ಆ ಕಡೆ ಬೇಸಾಯ ಮಾಡುತ್ತಿದ್ದ ವಯಸ್ಸಾದವರೊಬ್ಬರನ್ನು ನಾವೆಲ್ಲ ‘ಪಾಲಾ’ ಎನ್ನುತ್ತಿದ್ದೆವು. ಅದು ಅವರ ಹೆಸರೆಂದೇ ಅವ್ವ ಬಹಳ ದಿನ ನಂಬಿದ್ದಳು. ಅವರ ಭಾಷೆಯಲ್ಲಿ ಅಪ್ಪ ಎಂದರ್ಥವಂತೆ.

ಒಂದು ಬೇಸಿಗೆಯಲ್ಲಿ ಪಾಲಾ ಮುಸುಕಿನ ಜೋಳದ ಕೂಳೆಗೆ ಬೆಂಕಿ ಹಾಕಿದರು. ಗಾಳಿ ತಿರುಗಿ, ಕಿಡಿ ಹಾರಿ ನಮ್ಮ ರಾಗಿಹುಲ್ಲಿನ ಮೆದೆ ಹೊತ್ತಿಕೊಂಡಿತು. ಬಿಂದಿಗೆಗಳಲ್ಲಿ ನೀರು ತಂದು ಸುರಿಯುವಷ್ಟರಲ್ಲಿ ಮೆದೆ ಬೂದಿಯಾಗಿತ್ತು. ಅದರ ಬುಡದಲ್ಲಿ ಕಾವು ಕೂತಿದ್ದ ನಮ್ಮ ಹ್ಯಾಟೆ ಕೋಳಿಯೂ ಉಳಿಯಲಿಲ್ಲ.

ಮಾರನೆಯ ದಿನವೇ ಪಾಲಾ ಟ್ರ್ಯಾಕ್ಟರಿನಲ್ಲಿ ಹುಲ್ಲು ತಂದು ಇಳಿಸಿದರು. ಅಪ್ಪನ ಸಿಟ್ಟು ಇಳಿಯಿತು. ಇಳಿಯದೇ ಉಳಿದದ್ದು ಪಾಲಾ ಅವರ ಸಂಕಟ.

ಒಂದು ಬೆಳಿಗ್ಗೆ ಅವ್ವನೂ ನಾನೂ ಹಾಲು ಕೊಡಲು ಕ್ಯಾಂಪಿಗೆ ಹೋದಾಗ ಅವರು ತಮ್ಮ ಬೌದ್ಧ ಗುಡಿಯಾದ ಗೊಂಪದ ಅಂಗಳದಲ್ಲಿದ್ದರು. ನುಣುಪಾದ ಹಲಗೆಯ ಮೇಲೆ ಕೈಚಾಚಿ ಮಲಗುವುದು, ಏಳುವುದು, ಕೈ ಮುಗಿಯುವುದು, ಮತ್ತೆ ಮಲಗುವುದು. ತುಟಿಯಲ್ಲಿ ಅದೇನೋ ಉದ್ದನೆಯ ಮಂತ್ರ. ಮೊಣಕಾಲು ಲಟಲಟ ಎನ್ನುತ್ತಿತ್ತು.

“ಅಯ್ಯೋ ಬುಡಿ ಪಾಲಾ, ಒಂದ್ ಕೋಳಿಗೆ ಇಷ್ಟೊಂದ್ ಅಡ್ಡ ಬೀಳ್ತಾರಾ?” ಎಂದಳು ಅವ್ವ.

ಪಾಲಾ ಬೆವರು ಒರೆಸಿಕೊಂಡು ಕೂತರು. “ಕೋಳಿಗೆ ರೆಕ್ಕೆ ಇತ್ತು ಅಕ್ಕ. ಮೊಟ್ಟೆ ಬಿಟ್ಟು ಓಡಲಿಲ್ಲ. ಅದೇ ನನಗೆ ನೆನಪು ಬರುತ್ತೆ.” ಆಮೇಲೆ ಲಾಮಾ ಹೇಳಿದ್ದನ್ನು ವಿವರಿಸಿದರು. ಮಾಡಿದ್ದು ತಪ್ಪು ಅಂತ ಮನಸ್ಸಿನಲ್ಲಿ ನಿಜವಾಗಿ ನೋಯಬೇಕು. ಬುದ್ಧನನ್ನು ನಂಬಬೇಕು. ಆ ತಪ್ಪಿಗೆ ಎದುರಾಗಿ ಒಳ್ಳೆಯದೇನಾದರೂ ಮಾಡಬೇಕು. ಇನ್ನೊಮ್ಮೆ ಮಾಡೋದಿಲ್ಲ ಅಂತ ಗಟ್ಟಿ ಮಾಡಿಕೊಳ್ಳಬೇಕು. “ಅಳುತ್ತಾ ಕೂತರೆ ಸಾಕಾಗಲ್ಲ ಅಂತಾರೆ ಲಾಮಾ. ಬಟ್ಟೆ ಕೊಳೆ ಆದರೆ ಒಗೀಬೇಕು, ಅಷ್ಟೇ.”

ದಾರಿಯುದ್ದಕ್ಕೂ ಅವ್ವ “ಕೊಳೆ ಆದ್ರೆ ಒಗೀಬೇಕು” ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅದೇ ವಾರ ಪಾಲಾ ಹನೂರಿನ ಕೋಳಿ ಅಂಗಡಿಯಿಂದ ಒಂದು ಕೆಂಪು ಹುಂಜವನ್ನು ಬಿಡಿಸಿಕೊಂಡು ಬಂದರು. ಅದರ ಕಾಲಿಗೆ ಲಾಮಾ ಕೆಂಪು ದಾರ ಕಟ್ಟಿದ್ದರು. ಸಾಯಲಿದ್ದ ಜೀವ ಉಳಿಸುವುದೂ ಅವರಲ್ಲಿ ತಪ್ಪು ತೊಳೆಯುವ ದಾರಿಯಂತೆ. “ನಿಮ್ಮ ಮನೆಯಲ್ಲಿ ಇರಲಿ ಅಕ್ಕ. ಕುಯ್ಯಬಾರದು, ಮಾರಬಾರದು.”

ಅವ್ವ ಒಪ್ಪಿ ಸೆರಗಿನಲ್ಲಿ ಈಸಿಕೊಂಡಳು. ಅಪ್ಪ ಮಾತ್ರ ಪೇಚಿಗೆ ಸಿಕ್ಕಿಬಿದ್ದ. ತನಗೆ ಸಾವಿಲ್ಲವೆಂದು ಆ ಹುಂಜಕ್ಕೆ ಗೊತ್ತಿತ್ತೋ ಏನೋ, ಜಗುಲಿ ಹತ್ತಿ ಅಪ್ಪನ ತಟ್ಟೆಗೇ ಕೊಕ್ಕು ಹಾಕುತ್ತಿತ್ತು. ನೆಂಟರು ಬಂದಾಗ ಎಲ್ಲರ ಕಣ್ಣೂ ಅದರ ಮೇಲೆ.

“ಎಂಥಾ ಮಾಂಸ ಐತೆ ನೋಡ್ಲಾ ಅದ್ರಲ್ಲಿ!” ಎಂದು ಚಿಕ್ಕಪ್ಪ ನಿಟ್ಟುಸಿರು ಬಿಟ್ಟರೆ, “ಮುಟ್ಟೀಯಾ ಜೋಕೆ, ಅದು ಬುದ್ಧನ್ ಕೋಳಿ ಕಣ್ಲಾ,” ಎಂದು ಅಪ್ಪನೇ ಗದರುತ್ತಿದ್ದ. ಅವ್ವ ಒಲೆಯ ಮುಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಮುಂದಿನ ಸಲ ಕೊಯ್ಲು ಮುಗಿದ ಮೇಲೆ ಪಾಲಾ ಕೂಳೆ ಸುಡಲಿಲ್ಲ, ರೋಟವೇಟರ್ ಹೊಡೆಸಿ ಮಣ್ಣಿಗೇ ಸೇರಿಸಿದರು. ಅಪ್ಪನೂ ಅದೇ ಗಾಡಿಯವನನ್ನು ಬದು ದಾಟಿಸಿ ಕರೆದ.

ಒಂದು ದಿನ ಮಧ್ಯಾಹ್ನ ಅವ್ವ ಒಳ್ಳೆ ಸೀರೆ ಉಟ್ಟು ಹೊರಟು ನಿಂತಿದ್ದಳು. “ಬಂಡಳ್ಳಿಗೆ ಓಯ್ತೀನಿ, ನಿಮ್ ದೊಡ್ಡವ್ವನ್ ಮನೆಗೆ.” ನಾನು ಬೆರಗಾದೆ. ಯಾವುದೋ ನಾಮಕರಣದಲ್ಲಿ ತನ್ನ ಆ ಅಕ್ಕನನ್ನು ತಾನೇ ಎಲ್ಲರೆದುರು ಹೀಯಾಳಿಸಿದ ಮೇಲೆ ಅವ್ವ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

“ಏನಂತೀಯವ್ವ ಅವಳ ಹತ್ರ?”

“ನಂದೇ ತಪ್ಪು ಅಂತೀನಿ. ಬೈದ್ರೆ ಬೈಸ್ಕತೀನಿ. ಆಮೇಲೆ ಅವ್ಳ್ ತಲೆಗೆ ಎಣ್ಣೆ ಒತ್ತಿ ನೀರ್ ಉಯ್ದ್ ಬತ್ತೀನಿ.”

ಎರಡು ದಿನ ಕಳೆದು ಬಸ್ಸಿಳಿದಾಗ ಅವ್ವನ ಪಕ್ಕದಲ್ಲೇ ದೊಡ್ಡವ್ವನೂ ಇಳಿದಳು. ನಕ್ಕು ನಕ್ಕು ಇಬ್ಬರ ಗಂಟಲೂ ಕಟ್ಟಿಹೋಗಿತ್ತು.