ಓಜೆಲ್ ಗುಡಿಸದೆ ಬಿಟ್ಟ ಹೆಜ್ಜೆ

ಕಣ್ಣಿಗೆ ದಾರಿ ಕಾಣುವಷ್ಟು ಬೆಳಕು ಈಗಷ್ಟೇ ಹರಿಯುತ್ತಿದೆ. ಮಿಸಿಸಿಪ್ಪಿಯ ಕೆಮ್ಮಣ್ಣಿನ ಗುಡ್ಡಗಳ ನಡುವೆ, ಪ್ಲೆಸೆಂಟ್ ಗ್ರೀನ್ ಚರ್ಚಿನ ಹಿಂದಿರುವ ಸ್ಮಶಾನದ ಗೇಟಿನಲ್ಲಿ ಓಜೆಲ್ ಗ್ಯಾಟ್ಲಿನ್ ಪೊರಕೆ ಹಿಡಿದು ನಿಂತಿದ್ದಾರೆ. ಎಪ್ಪತ್ತು ದಾಟಿದ ಜೀವ. ಡಾಗ್‌ವುಡ್ ಮರದ ಬರಲು ಕಟ್ಟಿ ತಾವೇ ಮಾಡಿಕೊಂಡ ಪೊರಕೆ ಅದು. ಒಳಗೆ ಕಾಲಿಡುವ ಮೊದಲು ನೆಲ ನೋಡುವುದು ಅವರ ದಿನದ ಅಭ್ಯಾಸ. ಇವತ್ತು ಚುನಾವಣೆ, ಹಾಗಾಗಿ ಇನ್ನೂ ಸ್ವಲ್ಪ ಹೊತ್ತು ನೋಡುತ್ತಾರೆ.

ಇಲ್ಲಿ ಗೋರಿಗಳ ಮೇಲೆ ಹುಲ್ಲು ಬೆಳೆಯಗೊಡುವುದಿಲ್ಲ. ಹುಲ್ಲು ಬಂತೆಂದರೆ ಸತ್ತವರಿಗೆ ದಿಕ್ಕುದೆಸೆ ಇಲ್ಲ ಎಂದು ಊರೇ ಆಡಿಕೊಳ್ಳುತ್ತದೆ. ಕೆರೆದು, ಗುಡಿಸಿ, ಕೆಂಪು ನೆಲ ಬರಿದಾಗಿ ಕಾಣಬೇಕು. ಗುಡಿಸುವವನು ಹಿಂದಕ್ಕೆ ನಡೆಯಬೇಕು, ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತ ಗೇಟು ಮುಟ್ಟಬೇಕು. “ಬದುಕಿದೋರ ಹೆಜ್ಜೆ ಒಳಗೆ ಉಳೀಬಾರ್ದು. ಉಳಿದ್ರೆ ಅದನ್ನ ಹಿಡ್ಕೊಂಡು ಸತ್ತೋರು ಮನೆಗೆ ಬರ್ತಾರೆ ಅನ್ನೋಳು ನಮ್ಮಜ್ಜಿ,” ಎನ್ನುತ್ತಾರೆ ಓಜೆಲ್. ಅಜ್ಜಿ ಇನ್ನೊಂದು ಮಾತನ್ನೂ ಹೇಳುತ್ತಿದ್ದಳಂತೆ. ತಾನು ನಡೆಯದ ಕಡೆ ತನ್ನ ಹೆಜ್ಜೆ ಕಂಡವನಿಗೇ ವಸಂತದಲ್ಲಿ ಡಾಗ್‌ವುಡ್ ಹೂಬಿಡುವುದರೊಳಗೆ ಗೋರಿಯ ಗುಂಡಿ ತೋಡಬೇಕಾಗುತ್ತದಂತೆ. ಅಂಥದ್ದನ್ನು ಅವರು ಈವರೆಗೆ ಕಂಡಿಲ್ಲ.

ಆದರೆ ನಿನ್ನೆ ಸಂಜೆ ಗುಡಿಸಿ ಹೋದ ನೆಲದ ಮೇಲೆ ಈಗ ಬೇರೆ ಹೆಜ್ಜೆಗಳಿವೆ. ಪೂರ್ವದ ಮೂಲೆಯ ಒಂದು ಗೋರಿಯಿಂದ ಹೊರಟು ಚರ್ಚಿನ ಸಭಾಭವನದ ಹಿಂಬಾಗಿಲವರೆಗೆ ಹೋಗಿವೆ. ಬರಿಗಾಲು. ಬಲಗಾಲಿನದು ಅಚ್ಚೊತ್ತಿದ ಪಾದ, ಎಡಗಾಲಿನದು ಎಳೆದುಕೊಂಡು ಹೋದ ಗೆರೆ. ಆ ಸಭಾಭವನವೇ ಊರಿನ ಮತಗಟ್ಟೆ.

“ಅಪ್ಪ,” ಎನ್ನುತ್ತಾರೆ ಓಜೆಲ್, ಹಾಲಿನವನು ಬಂದು ಹೋದ ಎಂಬಷ್ಟೇ ಸಲೀಸಾಗಿ. “ಪ್ರತಿ ಚುನಾವಣೇಲೂ ಹೀಗೇ. ಹೋಗಿರ್ತಾರೆ. ವಾಪಸ್ ಬಂದ ಗುರುತು ಮಾತ್ರ ಇರಲ್ಲ.”

ಅಪ್ಪ ಲೆಮ್ಯುಯೆಲ್ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿ ಜಜ್ಜಿದ ಎಡಗಾಲನ್ನು ಕೊನೆಯವರೆಗೂ ಎಳೆದುಕೊಂಡೇ ನಡೆದವನು. ಮತದಾರನಾಗಿ ಹೆಸರು ನೋಂದಾಯಿಸಲು ಕೋರ್ಟಿಗೆ ಹೋದಾಗ, ಸಂವಿಧಾನದ ಒಂದು ಕಲಮನ್ನು ಬಿಡಿಸಿ ಹೇಳು ಎಂದರು. ಹೇಳಿದ. ಸರಿಯಾಗಿಲ್ಲ ಎಂದು ಕಳಿಸಿದರು. ಅದರ ಮುಂದಿನ ವರ್ಷ ಕಾನೂನು ಬದಲಾಗಿ ಕಪ್ಪು ಜನರನ್ನು ಹೀಗೆ ತಡೆಯುವಂತಿಲ್ಲ ಎಂದಾಯಿತು, ಅಷ್ಟರಲ್ಲಿ ಅವನು ಮಣ್ಣಾಗಿದ್ದ. ಆಗ ಓಜೆಲ್ ಇನ್ನೂ ಪುಟ್ಟ ಹುಡುಗ. ಅಪ್ಪನ ಮುಖ ಮಸುಕಾಗಿದೆ, ನಡಿಗೆ ಮಾತ್ರ ನೆನಪಿದೆ ಎನ್ನುತ್ತಾರೆ.

ಜನ ಬರುವ ಮೊದಲು ಆ ಹೆಜ್ಜೆಗಳನ್ನು ಗುಡಿಸಿಬಿಡಬೇಕು. ಯಾರಿಗಾದರೂ ಕಂಡರೆ ಹೆದರಿ ಮತ ಹಾಕದೆ ಮನೆಗೆ ಓಡಿಯಾರು ಎಂಬುದು ಅವರ ಚಿಂತೆ. ಈ ಮನುಷ್ಯನಿಗೆ ಊರಿನವರ ಮತದ ಮೇಲೆ ಎಷ್ಟು ಅಕ್ಕರೆ ನೋಡಿ. ಸ್ವತಃ ಅವರಿಗೆ ಮತವಿಲ್ಲ.

ಕಾರಣ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಡಿದ ಕೆಲವು ಪೈನ್ ಮರ. ಇದೇ ಸಭಾಭವನದ ನೆಲ ಗೆದ್ದಲು ತಿಂದು ಕುಸಿದಿತ್ತು. ಹಲಗೆಗೆ ಮರ ಕೊಡುತ್ತೇನೆಂದು ಅಜ್ಜಿ ಮಾತು ಕೊಟ್ಟಳು, ಮೊಮ್ಮಗ ಗರಗಸ ಹೊತ್ತು ಹೋದ. ಅವರ ಮನೆತನದ ಜಮೀನಿಗೆ ಕಲ್ಲು ನೆಟ್ಟ ಗಡಿಯಿರಲಿಲ್ಲ, ಬಾಯಿಮಾತಿನ ಗಡಿ. ‘ಮುತ್ತಜ್ಜ ನೆಟ್ಟ ಸೀಡರ್ ಮರದವರೆಗೂ ನಮ್ಮದು’ ಎನ್ನುವುದೇ ಪತ್ರ. ಪಕ್ಕದ ಜಮೀನು ಕೊಂಡ ಮರದ ಕಂಪನಿ ಆ ಸೀಡರನ್ನು ಹಿಂದೆಯೇ ಕಡಿದುಹಾಕಿತ್ತು. ಓಜೆಲ್ ಸೀಡರ್ ಹುಡುಕುತ್ತ ನಡೆದ, ಮುಂದೆ ಕಂಪನಿಯ ಜಮೀನಿನೊಳಗೆ ಇನ್ನೊಂದು ಸೀಡರ್ ಸಿಕ್ಕಿತು, ಅಲ್ಲಿಯವರೆಗೂ ಕಡಿದ. ಷೆರೀಫ್ ಬಂದಾಗ ಹಲಗೆಗೆ ಮೊಳೆಯೂ ಹೊಡೆದಾಗಿತ್ತು.

“ತಪ್ಪೊಪ್ಕೊಂಡ್ರೆ ಸಂಜೆಗೆ ಮನೆ ಅಂದ್ರು ವಕೀಲರು. ಅಜ್ಜಿ ಅವರೆಕಾಳು ಬೇಯಿಸ್ತೀನಿ ಅಂದಿದ್ಳು. ಒಪ್ಕೊಂಡೆ. ಓಟು ಹೋಗುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಚುನಾವಣೇಲಿ ಸಾಲಲ್ಲಿ ನಿಂತು ಮೇಜಿನ ಹತ್ರ ಹೋದಾಗ್ಲೇ ಗೊತ್ತಾಗಿದ್ದು. ಅದೂ ನಾನು ಹಾಸಿದ ಹಲಗೆ ಮೇಲೇ ನಿಂತ್ಕೊಂಡು.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಇಲ್ಲಿಯ ಕಾನೂನು ಆ ಗಾದೆಯನ್ನೇ ಬರೆದಿಟ್ಟುಕೊಂಡಂತಿದೆ. ಕೆಲವು ಅಪರಾಧಗಳಿಗೆ ಶಿಕ್ಷೆ ಮುಗಿದರೂ ಮತ ಬಾರದು, ಸಾಯುವವರೆಗೂ ಬಾರದು. ಮರಗಳ್ಳತನ ಅದರಲ್ಲೊಂದು. ಕನ್ನ ಹಾಕುವುದು ಅದರಲ್ಲಿಲ್ಲ! ಓಜೆಲ್‌ರ ಚಿಕ್ಕಪ್ಪನ ಮಗ ಕ್ಲಿಯೋಥಾ ಒಂದು ಕಾಲದಲ್ಲಿ ಅಂಗಡಿಗೆ ಕನ್ನ ಹಾಕಿ ಜೈಲು ಕಂಡವನು. ಪ್ರತಿ ಸಲ ಮತ ಹಾಕಿ, ಅಂಗಿಗೆ ‘ನಾನು ಮತ ಹಾಕಿದೆ’ ಎಂಬ ಸ್ಟಿಕರ್ ಅಂಟಿಸಿಕೊಂಡು ಸ್ಮಶಾನದ ಬೇಲಿಗೆ ಬಂದು ನಿಲ್ಲುತ್ತಾನೆ.

“ಲೇ ಓಜೆಲ್, ಮರದ ಬದಲು ಬೀಗ ಒಡ್ದಿದ್ರೆ ನೀನೂ ನನ್ನ ಹಾಗೆ ಮರ್ಯಾದಸ್ಥ ಆಗಿರ್ತಿದ್ದೆ ಕಣೋ!”

“ಆಡು, ಆಡು. ನಿನ್ನ ಗುಂಡಿ ಒಂದಡಿ ಗಿಡ್ಡ ತೋಡ್ತೀನಿ. ಕಾಲು ಆಚೆ ಇಟ್ಕೊಂಡು ಮಲಗು.”

ಗುಂಡಿ ತೋಡುವುದೇ ಅವರ ಕಸುಬು. ಹಳೆಯ ಗೋರಿಗಳು ಒತ್ತೊತ್ತಾಗಿರುವ ಕಡೆ ಯಂತ್ರ ಹೋಗದು, ಓಜೆಲ್‌ರ ಗುದ್ದಲಿಯೇ ಆಗಬೇಕು. ತೋಡುವ ಮೊದಲು ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕಿಳಿಸಿ, ಕೈಗೆ ಬರುವ ಅದುರಿನಿಂದ ಕೆಳಗೆ ಯಾರಾದರೂ ಇದ್ದಾರೋ ನೋಡುತ್ತಾರೆ. ಇದ್ದರೆ “ಕ್ಷಮಿಸಿ” ಎಂದು ಸರಳು ಎತ್ತಿ, ಪಕ್ಕಕ್ಕೆ ಹೋಗುತ್ತಾರೆ. ಕೊಟ್ಟವರ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಾರೆ, ಇಲ್ಲದವರ ಮನೆಯಲ್ಲಿ ಹುರಿದ ಮೀನು, ಗೆಣಸಿನ ಪೈ ತಿಂದು ಬರುತ್ತಾರೆ. ಮದುವೆಯಾಗಿದ್ದರು. ಹೆಂಡತಿ ಲೂವಿನಿಯಾಳ ಗುಂಡಿಯನ್ನೂ ತಾವೇ ತೋಡಿದರು, ಬೇರೆ ಯಾರಿಗೂ ಗುದ್ದಲಿ ಮುಟ್ಟಗೊಡಲಿಲ್ಲ.

ಮತ ಮರಳಿ ಬೇಕೆಂದರೆ, ರಾಜ್ಯದ ಎರಡೂ ಸದನಗಳು ಅವರೊಬ್ಬರ ಹೆಸರಿನಲ್ಲಿ ಮಸೂದೆ ತಂದು ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಇಲ್ಲವೇ ರಾಜ್ಯಪಾಲರು ಕ್ಷಮಿಸಬೇಕು. ಈ ವಸಂತದಲ್ಲಿ ಕೆಳಮನೆ ಒಪ್ಪಿತು. ಚರ್ಚಿನಲ್ಲಿ ಅಂದು ಚಪ್ಪಾಳೆ ಬಿತ್ತು, ಓಜೆಲ್ ಹೊಸ ಅಂಗಿ ಕೊಂಡರು. ಮೇಲ್ಮನೆಯಲ್ಲಿ ಹೆಸರು ಕೂಗುವ ಮೊದಲೇ ಅಧಿವೇಶನ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಳಿಗಾಲದಲ್ಲಿ ಮತ್ತೆ ಮಸೂದೆ ಬರುತ್ತದೆ. ಅದರ ಹಣೆಬರಹ ತಿಳಿಯುವ ಹೊತ್ತಿಗೆ ಡಾಗ್‌ವುಡ್ ಹೂ ಬಿಟ್ಟಿರುತ್ತದೆ. ಹೊಸ ಅಂಗಿಯ ಮಡಿಕೆ ಇನ್ನೂ ಬಿಚ್ಚಿಲ್ಲ.

ಮತಗಟ್ಟೆಯ ಉಸ್ತುವಾರಿ ಮಿಸ್ ಅರ್ನೆಸ್ಟೀನ್ ಪೋ ಅವರದು. ಊರಿನ ಮುಕ್ಕಾಲು ಮಂದಿಗೆ ಅಕ್ಷರ ಕಲಿಸಿದ ಟೀಚರಮ್ಮ. “ಕಳ್ಳರಿಗೆ ಯಾಕ್ರೀ ಓಟು ಅಂತ ಅಂದೋಳೇ ನಾನು. ಇವರಿಗೂ ಕೇಳೋ ಹಾಗೆ ಅಂದಿದ್ದೆ,” ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ನಮ್ಮೆಜಮಾನ್ರು ಹೋದಾಗ ಮಂಜು ಬಿದ್ದು ನೆಲ ಕಲ್ಲಾಗಿತ್ತು. ಈ ಮನುಷ್ಯ ಬೆಂಕಿ ಹಾಕಿ ಮಣ್ಣು ಕರಗಿಸಿ ಕರಗಿಸಿ ತೋಡಿದ್ರು. ಅವತ್ತಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ.”

ಚುನಾವಣೆಯ ದಿನ ಸಭಾಭವನದ ದೀಪ ಹಚ್ಚುವವರು ಅವರೇ. ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತದೆ. ಆಗ ಹಿಂಬಾಗಿಲ ಕಡೆಯಿಂದ ಹಲಗೆ ಕಿರ್ ಎನ್ನುತ್ತದೆ, ನಿಲ್ಲುತ್ತದೆ, ಏನನ್ನೋ ಎಳೆದ ಸದ್ದು, ಮತ್ತೆ ಕಿರ್. ಸದ್ದು ಮತಯಂತ್ರದವರೆಗೆ ಬಂದು ನಿಲ್ಲುತ್ತದೆ. “ನಾನು ತಲೆ ಎತ್ತಲ್ಲ. ಓಟು ಹಾಕೋರನ್ನ ನೋಡ್ಬಾರ್ದು, ಅದು ನಿಯಮ,” ಎನ್ನುತ್ತಾರೆ.

ಇವತ್ತು ಓಜೆಲ್ ಅಪ್ಪನ ಹೆಜ್ಜೆಗಳನ್ನು ಗುಡಿಸಿ ಮುಗಿಸುವಾಗ ಹಿಂಬಾಗಿಲ ಚಿಲಕ ಸರಿಯುತ್ತದೆ. ಮಿಸ್ ಅರ್ನೆಸ್ಟೀನ್ ಹೊರಗೆ ಬಂದಿದ್ದಾರೆ. ಶಾಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ.

“ಬ್ರದರ್ ಓಜೆಲ್, ಈಗ ಒಳಗೆ ಬಂದಿದ್ರಾ?”

“ಇಲ್ವಲ್ಲ ಮಿಸ್ ಅರ್ನೆಸ್ಟೀನ್. ಗೇಟಿಂದ ಇಲ್ಲೀವರೆಗೆ ಗುಡಿಸ್ತಾ ಇದೀನಿ.”

“ನಿಮ್ಮಪ್ಪನ ಸದ್ದು ನಂಗೊತ್ತು. ಇವತ್ತು ಅದರ ಹಿಂದೆ ಇನ್ನೊಂದು. ಬೂಟು.”

ಓಜೆಲ್ ಪೊರಕೆ ಹಿಡಿದೇ ಪಕ್ಕಕ್ಕೆ ತಿರುಗುತ್ತಾರೆ. ಸಭಾಭವನದ ಪಡುವಣ ಗೋಡೆಯ ಪಕ್ಕ ಅವರ ಗುದ್ದಲಿ, ಸರಳು ಇಡುವ ಕೊಟ್ಟಿಗೆಯಿದೆ. ಆ ಕಡೆಯ ನೆಲ ಇವತ್ತು ಇನ್ನೂ ಗುಡಿಸಿಲ್ಲ, ನಿನ್ನೆ ಸಂಜೆ ಗುಡಿಸಿದ ಮೇಲೆ ಅವರು ಅಲ್ಲಿ ಕಾಲಿಟ್ಟೂ ಇಲ್ಲ. ನಡೆದು ಹೋಗಿ ನೋಡುತ್ತಾರೆ. ಕೊಟ್ಟಿಗೆಯ ಬಾಗಿಲಿನಿಂದ ಹೊರಟ ಬೂಟಿನ ಹೆಜ್ಜೆಗಳು ನೇರವಾಗಿ ಹಿಂಬಾಗಿಲಿಗೆ ಹೋಗಿವೆ. ಬಲ ಹಿಮ್ಮಡಿಯಲ್ಲಿ ಒಂದು ಸೀಳು. ಓಜೆಲ್ ಗೋಡೆ ಹಿಡಿದು, ಬಲಗಾಲು ಎತ್ತಿ, ತಮ್ಮ ಬೂಟಿನ ಅಡಿ ನೋಡಿಕೊಳ್ಳುತ್ತಾರೆ. ಗುದ್ದಲಿ ತಾಗಿ ಆದ ಸೀಳು ಅಲ್ಲೇ ಇದೆ. ಕಾಲನ್ನು ಮೆಲ್ಲನೆ ಕೆಳಗಿಡುತ್ತಾರೆ, ಆ ಗುರುತಿನ ಮೇಲೆ ಅಲ್ಲ, ಪಕ್ಕದಲ್ಲಿ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ತನ್ನ ಹೆಜ್ಜೆ ಕಂಡವನ ಬಗ್ಗೆ ಅಜ್ಜಿ ಹೇಳುತ್ತಿದ್ದ ಮಾತು ಮಿಸ್ ಅರ್ನೆಸ್ಟೀನ್ ಅವರಿಗೂ ಗೊತ್ತು.

“ಅಳಿಸಿಬಿಡಿ,” ಎನ್ನುತ್ತಾರೆ ಅವರು. “ಬೇಗ ಅಳಿಸಿ ಬ್ರದರ್. ಯಾರೂ ನೋಡಿಲ್ಲ ಅಂದ್ಕೊಳ್ಳೋಣ. ಚಳಿಗಾಲ ಕಳೀಲಿ, ಮಸೂದೆ ಬರುತ್ತಲ್ಲ.”

ಆಚೆ ರಸ್ತೆಯಲ್ಲಿ ಮೊದಲ ಕಾರುಗಳ ಬಾಗಿಲು ಬಡಿದ ಸದ್ದು. ಕ್ಲಿಯೋಥಾನ ನಗು ಆಗಲೇ ಕೇಳುತ್ತಿದೆ. ಓಜೆಲ್ ಪೊರಕೆ ಎತ್ತುತ್ತಾರೆ, ಸುತ್ತಲಿನ ಒಣಗಿದೆಲೆಯನ್ನೆಲ್ಲ ಗುಡಿಸುತ್ತಾರೆ, ಅಂಚು ನೇರ ಮಾಡುತ್ತಾರೆ. ಬೂಟಿನ ಹೆಜ್ಜೆಗಳಿಗೆ ಬರಲು ತಾಗದಂತೆ ಎಚ್ಚರ ವಹಿಸುತ್ತಾರೆ. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು, ಮುಚ್ಚಿದ ಹಿಂಬಾಗಿಲನ್ನು ನೋಡುತ್ತ ನಿಲ್ಲುತ್ತಾರೆ.

“ಇದೊಂದನ್ನ ಗುಡಿಸಲ್ಲ ಮಿಸ್ ಅರ್ನೆಸ್ಟೀನ್. ನೀವೂ ತುಳೀಬೇಡಿ,” ಎನ್ನುತ್ತಾರೆ. “ಅಪ್ಪನ ಹಿಂದೆ ಸಾಲಲ್ಲಿ ನಿಂತಿದೀನಿ. ಈ ಸಲ ಯಾರೂ ವಾಪಸ್ ಕಳಿಸಿಲ್ಲ.”